ಬಲಗಿವಿ ಮತ್ತು ಐದನೆಯ ಶೀಲ

ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಲ್ಲುವುದು ಕಂಡಕ್ಟರನ ಮೊದಲ ವಿದ್ಯೆ. ಒಂದು ಕೈಯಲ್ಲಿ ಟಿಕೆಟ್ ಮಷೀನು, ಇನ್ನೊಂದರಲ್ಲಿ ನೋಟು, ಹೆಗಲಿಗೆ ಚೀಲ. ಕಂಬ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರುವುದು? ಸೀಟಿನ ಅಂಚಿಗೆ ಸೊಂಟ ಆನಿಸಿ ಕಾಲು ಸ್ವಲ್ಪ ಅಗಲಿಸಿ ನಿಂತರೆ ಸಾಕು, ಭಾಲ್ಕಿಯಿಂದ ಔರಾದದವರೆಗೆ ರಸ್ತೆ ಎಷ್ಟೇ ಕುಣಿಸಿದರೂ ನಾನು ಅಲುಗುತ್ತಿರಲಿಲ್ಲ. ತಿರುವಿನಲ್ಲಿ ಕಾಲೇಜು ಹುಡುಗರೆಲ್ಲ ಒಬ್ಬರ ಮೇಲೊಬ್ಬರು ಬೀಳುವಾಗ ನಾನು ನಿಂತಲ್ಲೇ ನಿಂತು, "ಯಾರ್ರೀ ಟಿಕೆಟ್, ಮುಂದ ಹೋಗ್ರಿ, ಮುಂದ ಹೋಗ್ರಿ" ಎನ್ನುತ್ತಿದ್ದೆ. ಅದರ ಬಗ್ಗೆ ನನಗೆ ಸಣ್ಣ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

ಆ ಜಂಬ ಇಳಿದದ್ದು ಒಂದು ಬೆಳಿಗ್ಗೆ, ಹಾಸಿಗೆಯಲ್ಲಿ. ಬಲ ಮಗ್ಗುಲಿಗೆ ಹೊರಳಿದೆ ಅಷ್ಟೇ. ಫ್ಯಾನು, ಕಿಟಕಿ, ಗೋಡೆಯ ಕ್ಯಾಲೆಂಡರು ಎಲ್ಲ ಸೇರಿ ಗರಗರ ತಿರುಗತೊಡಗಿದವು. ಕಣ್ಣು ಮುಚ್ಚಿದರೆ ಇನ್ನೂ ಜೋರು. ಮಂಚವನ್ನು ಎರಡೂ ಕೈಯಿಂದ ಅವಚಿ ಹಿಡಿದು "ಭೂಕಂಪ, ಭೂಕಂಪ" ಎಂದು ಕೂಗಿದೆ. ನಮ್ಮ ಕಡೆ ಆ ಮಾತಿಗೆ ಯಾರೂ ನಗುವುದಿಲ್ಲ, ಹಿಂದೆ ನಿಜವಾಗಿಯೂ ಭೂಮಿ ನಡುಗಿದ ನೆನಪು ಹಿರಿಯರಿಗೆ ಇನ್ನೂ ಇದೆ. ಹೆಂಡತಿ ಸವಿತಾ ಮಗಳನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಅವ್ವ ಓಡಿದಳು. ಅಕ್ಕಪಕ್ಕದವರೂ ಓಡಿ ಬಂದರು. ಅಷ್ಟರಲ್ಲಿ ನನಗೆ ಎಲ್ಲ ನಿಂತು ಹೋಗಿತ್ತು. ಬನಿಯನ್ನಿನಲ್ಲಿ ಬಾಗಿಲಿಗೆ ಬಂದು ನಿಂತಾಗ ಅರ್ಧ ಓಣಿ ನನ್ನನ್ನೇ ನೋಡುತ್ತಿತ್ತು.

"ಭೂಮಿ ಅಲ್ರಿ, ನಿಮ್ಮ ತಲಿ ಅಲುಗ್ಯಾಡ್ಯದ" ಎಂದು ಸವಿತಾ ನಕ್ಕಳು. ಆಕೆ ಚೇಷ್ಟೆಗೆ ಹೇಳಿದ್ದು, ಅದೇ ಖರೆ ಆಯಿತು.

ನಮ್ಮಲ್ಲಿ ಇದಕ್ಕೆಲ್ಲ ಒಂದೇ ಹೆಸರು, ಚಕ್ಕರ್. ಚಕ್ಕರ್ ಬಂತು ಅಂದರೆ ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಮದ್ದು ಇರುತ್ತದೆ. ಪಿತ್ತ ಅಂತ ಒಬ್ಬರು, ಉಪವಾಸ ಅಂತ ಒಬ್ಬರು. ಒಬ್ಬ ಡಾಕ್ಟರು ಗ್ಯಾಸಿನ ಗುಳಿಗೆ ಕೊಟ್ಟರು. ಇನ್ನೊಬ್ಬರು ಕತ್ತಿನ ಎಲುಬು ಸವೆದಿದೆ ಎಂದು ಪಟ್ಟಿ ಕಟ್ಟಿದರು. ಅದನ್ನು ಕಟ್ಟಿಕೊಂಡು ಟಿಕೆಟ್ ಕೊಡಲು ಹೋದರೆ ಬಗ್ಗಲಿಕ್ಕೂ ಆಗದು, ಏಳಲಿಕ್ಕೂ ಆಗದು. ನನ್ನ ಬಸ್ಸಿನ ಡ್ರೈವರ್ ರಶೀದ್ ಭಾಯಿ ಮಾತ್ರ ಮದ್ದು ಹೇಳದೆ ಬ್ರೇಕ್ ಮೆಲ್ಲಗೆ ಒತ್ತತೊಡಗಿದರು. ಎಷ್ಟೋ ವರ್ಷ ಜೊತೆಗೆ ಓಡಾಡಿದವರು, ಕನ್ನಡಿಯಲ್ಲಿ ನನ್ನ ಮುಖ ನೋಡಿ "ಥೋಡಾ ಕುಂದರು ಗೌತಮ್, ಟಿಕೆಟ್ ಎಲ್ಲೂ ಓಡಿ ಹೋಗಂಗಿಲ್ಲ" ಎನ್ನುತ್ತಿದ್ದರು. ಔಷಧಕ್ಕಿಂತ ಆ ಮಾತು ಹಿಡಿಸುತ್ತಿತ್ತು.

ಬಗ್ಗಿದರೆ ತಿರುಗು, ಮೇಲೆ ನೋಡಿದರೆ ತಿರುಗು. ತಿರುಗುವುದು ನಿಂತ ಮೇಲೂ ಹೊಟ್ಟೆ ತೊಳಸುವುದು ನಿಲ್ಲುತ್ತಿರಲಿಲ್ಲ. ಅದಕ್ಕೆ ಜೇಬಿನಲ್ಲಿ ಬಡೇಸೋಪು, ಅಂದರೆ ಸೋಂಪಿನ ಕಾಳು, ಇಟ್ಟುಕೊಂಡು ಅಗಿಯತೊಡಗಿದೆ. ಬಾಯಿಗೆ ಎರಡು ಕಾಳು ಬಿದ್ದರೆ ಹೊಟ್ಟೆ ಸ್ವಲ್ಪ ತಣ್ಣಗಾಗುತ್ತಿತ್ತು. ನಮ್ಮ ಮನೆಯಲ್ಲಿ ಬಡೇಸೋಪಿಗೆ ಏನರ್ಥ ಎನ್ನುವುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಇಲ್ಲಿ ಅವ್ವನ ಬಗ್ಗೆ ಹೇಳಬೇಕು. ಶಾಂತಾಬಾಯಿ ಬಂದಳೆಂದರೆ ನಮ್ಮ ಓಣಿಯಲ್ಲಿ ಕುಡಿಯುವವರು ದಾರಿ ಬದಲಿಸುತ್ತಾರೆ. ಹುಣ್ಣಿಮೆಯ ದಿನ ಬುದ್ಧವಿಹಾರದಲ್ಲಿ ಬಿಳಿ ಸೀರೆಯುಟ್ಟು ಎಲ್ಲರಿಗೂ ಪಂಚಶೀಲ ಹೇಳಿಸುವವಳು ಆಕೆ. ನಾಲ್ಕು ಶೀಲಗಳನ್ನು ಸಮಾಧಾನವಾಗಿ ಹೇಳುತ್ತಾಳೆ. ಅಮಲಿನ ಪದಾರ್ಥ ಮುಟ್ಟುವುದಿಲ್ಲ ಎನ್ನುವ ಐದನೆಯದು ಬಂದಾಗ ದನಿ ಏರುತ್ತದೆ, ಕಣ್ಣು ಗಂಡಸರ ಸಾಲಿನ ಮೇಲೆ ಹರಿದಾಡುತ್ತದೆ.

ಅದಕ್ಕೆ ಕಾರಣ ನಮ್ಮಪ್ಪ. ಅಪ್ಪ ಗೌಂಡಿ, ಗೋಡೆ ಕಟ್ಟುವ ಕೆಲಸದವನು. ವಯಸ್ಸಿನಲ್ಲಿ ಚೆನ್ನಾಗಿಯೇ ಕುಡಿಯುತ್ತಿದ್ದ. ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಬಿಟ್ಟ. ಕೆಲವು ವರ್ಷ ಎಲ್ಲ ಸರಿಯಿತ್ತು. ಆಮೇಲೆ ಮತ್ತೆ ಗೋಡೆ ಹಿಡಿದು ನಡೆಯತೊಡಗಿದ. ಹಲಗೆಯ ಮೇಲೆ ನಿಂತು ಗೋಡೆಗೆ ಸಿಮೆಂಟಿನ ಗಿಲಾಯಿ ಬಳಿಯುವಾಗ ಜೋಲಿ ತಪ್ಪಿ ಬಿದ್ದು ಕೈ ಮುರಿದುಕೊಂಡ. ಜೇಬಿನಲ್ಲಿ ಯಾವಾಗಲೂ ಒಂದು ಹಿತ್ತಾಳೆ ಡಬ್ಬಿ, ಅದರ ತುಂಬ ಬಡೇಸೋಪು. ಅದು ವಾಸನೆ ಮುಚ್ಚಲಿಕ್ಕೆ ಎಂದು ಅವ್ವ ತೀರ್ಮಾನ ಮಾಡಿದಳು. ಅಪ್ಪ ಎಷ್ಟು ಆಣೆ ಇಟ್ಟರೂ ನಂಬಲಿಲ್ಲ. ಕುಡಿಯುತ್ತಿದ್ದ ಕಾಲದಲ್ಲಿ ಅವನ ಆಣೆಗಳನ್ನು ಆಕೆ ಬೇಕಾದಷ್ಟು ಕೇಳಿದ್ದಳು. ಅಪ್ಪ ಎದೆನೋವಿನಿಂದ ತೀರಿಕೊಂಡ ಮೇಲೂ ಮನೆ ಮನೆಗೆ ಹೋಗಿ ಗಂಡಸರಿಗೆ ಬುದ್ಧಿ ಹೇಳುವಾಗ, "ನನ್ನ ಗಂಡನೇ ಬುದ್ಧನ ಮುಂದ ನಿಂತು ಮಾತು ಕೊಟ್ಟು ಮುರ್ದ. ನೀವರ ಮುರೀಬ್ಯಾಡ್ರಿ" ಎನ್ನುತ್ತಿದ್ದಳು. ಆ ಮಾತು ಕೇಳಿ ಬಿಟ್ಟವರೂ ಇದ್ದಾರೆ. ನಾನಂತೂ ಜೀವನದಲ್ಲಿ ಒಂದು ಹನಿ ಮುಟ್ಟಿದವನಲ್ಲ.

ಇನ್ನು ಬಸ್ಸಿನ ಸಂಗತಿ. ಅಂದು ಔರಾದದ ಸಂತೆ, ಬಸ್ಸು ತುಂಬಿ ತುಳುಕುತ್ತಿತ್ತು. ಮಾಂಜ್ರಾ ನದಿಯ ಸೇತುವೆ ದಾಟಿದ ಮೇಲೆ ಒಬ್ಬ ಹೆಣ್ಣುಮಗಳು "ಅಣ್ಣಾ, ಈ ಗಂಟು ಮ್ಯಾಲ ಇಡ್ರಿ" ಎಂದಳು. ಗಂಟು ಎತ್ತಿ, ಮೇಲಿನ ಜಾಗ ನೋಡಲು ತಲೆ ಹಿಂದಕ್ಕೆ ವಾಲಿಸಿದೆ. ಅಷ್ಟೇ ನನಗೆ ಗೊತ್ತು. ಬಸ್ಸು ಮಗುಚಿದಂತಾಯಿತು. ಗಂಟು ಒಂದು ಕಡೆ, ಮಷೀನು ಒಂದು ಕಡೆ. ನಾನು ಹೋಗಿ ಬಿದ್ದದ್ದು ಎದುರಿನ ಸೀಟಿನಲ್ಲಿ ಕೂತ ಇನ್ನೊಬ್ಬ ಹೆಂಗಸಿನ ಮೇಲೆ.

ಗದ್ದಲ ಎದ್ದಿತು. "ಕುಡ್ದು ಡ್ಯೂಟಿಗಿ ಬಂದಾನ್ರಿ ಇವ" ಎಂದು ಹಿಂದಿನಿಂದ ಯಾರೋ ಅಂದರು. ಏಳಲು ಹೋದೆ, ಮತ್ತೆ ಬಿದ್ದೆ. ಮಾತಾಡಲು ಹೋದೆ, ವಾಂತಿ ಬಂತು. ಹಾಗೆ ನೋಡಿದರೆ ಅವರದೇನೂ ತಪ್ಪಿಲ್ಲ, ಆ ಸ್ಥಿತಿಯಲ್ಲಿ ನನ್ನನ್ನು ನಾನೇ ನೋಡಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ. ರಶೀದ್ ಭಾಯಿ ಬಸ್ಸು ಬದಿಗೆ ಹಾಕಿ ಹಿಂದೆ ಬಂದು, "ಇವ ಚಾ ಸುದ್ದಾ ಎರಡನೇ ಕಪ್ ಕುಡಿಯಂಗಿಲ್ಲ, ಏನ್ ಮಾತಾಡ್ತೀರಿ" ಎಂದು ಎಲ್ಲರಿಗೂ ಬೈದು, ನನ್ನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಯಾರ ಮೇಲೆ ಬಿದ್ದಿದ್ದೆನೋ ಆ ಹೆಂಗಸೇ ತನ್ನ ಬಾಟಲಿಯ ನೀರು ಕೊಟ್ಟಳು. ಆಕೆಯ ಹೆಸರು ಕೇಳಲಿಲ್ಲ ಎನ್ನುವ ಕೊರಗು ಇನ್ನೂ ಇದೆ.

ಡಿಪೋದಲ್ಲಿ ಕುಡಿದವರನ್ನು ಹಿಡಿಯುವ ಮಷೀನಿಗೆ ಊದಿಸಿದರು. ಸೊನ್ನೆ ಬಂತು. ಮ್ಯಾನೇಜರ್ ಒಳ್ಳೆಯ ಮನುಷ್ಯ. "ಆರಾಮ ಆಗೋತನಕ ಬಸ್ ಸ್ಟ್ಯಾಂಡಿನ್ಯಾಗ ಮೈಕ್ ನೋಡ್ಕೋರಿ, ಡಾಕ್ಟರ್ ಬರದು ಕೊಟ್ರ ಬಸ್ ಹತ್ತೀರಂತ" ಎಂದರು. ಆದರೆ ನಾನು ಮನೆ ಮುಟ್ಟುವುದರೊಳಗೆ ವಿಡಿಯೋ ಮುಟ್ಟಿತ್ತು. ಯಾರೋ ಪುಣ್ಯಾತ್ಮರು ಮೊಬೈಲಿನಲ್ಲಿ ಹಿಡಿದು ಹಾಕಿದ್ದರು. ನಾನು ಏಳುವುದು, ಬೀಳುವುದು, ಬಾಯಿಂದ ಬಡೇಸೋಪು ಉದುರುವುದು, ಎಲ್ಲ ಸ್ಪಷ್ಟ. ಓಣಿಯ ಹೆಂಗಸರೇ ಅವ್ವನಿಗೆ ತೋರಿಸಿದ್ದರು.

ಅವ್ವ ಹೊಸ್ತಿಲ ಮೇಲೆ ಕೂತಿದ್ದಳು. ನಾನು ಹತ್ತಿರ ಹೋದೆ. ಬೆವರು ಒರೆಸುವವಳಂತೆ ಸೆರಗು ನನ್ನ ಮುಖಕ್ಕೆ ತಂದಳು, ಮೂಗು ಹತ್ತಿರ ತಂದಳು. ಅಪ್ಪನಿಗೆ ಹೀಗೇ ಮಾಡುತ್ತಿದ್ದದ್ದು ನನಗೆ ಗೊತ್ತಿತ್ತು.

"ಅವ್ವಾ, ಮಷೀನಿಗಿ ಊದೇನಿ. ಏನೂ ಬಂದಿಲ್ಲ. ನಿನ್ನಾಣಿಗೂ ಕುಡ್ದಿಲ್ಲ" ಎಂದೆ.

"ನಿಮ್ಮಪ್ಪಂದೂ ಏನೂ ವಾಸನಿ ಬರ್ತಿರ್ಲಿಲ್ಲ" ಎಂದಳು. "ಬಡೇಸೋಪು ಎಂದಿನಿಂದ ಸುರು ಆತು?"

ಆ ರೋಗದಲ್ಲಿ ನಾನು ಮೊದಲ ಸಲ ಅತ್ತದ್ದು ಆಗಲೇ. ಕೆಲಸ ಹೋದರೆ ಇನ್ನೊಂದು ನೋಡಬಹುದು. ಡಿಪೋದವರು "ಊದಿದ್ರೂ ಬರಲಾರದಂಥ ಮಾಲು ಎಲ್ಲಿ ಸಿಗ್ತದ ಹೇಳಪ್ಪ" ಎಂದು ಕಾಡಿದ್ದನ್ನೂ ನುಂಗಿಕೊಂಡೆ. ಅವ್ವ ನಂಬದಿದ್ದರೆ ಯಾರ ಹತ್ತಿರ ಹೋಗುವುದು? ಆಕೆ ಬೈಯಲಿಲ್ಲ, ಕೂಗಾಡಲಿಲ್ಲ. ಊಟದ ತಾಟು ಮುಂದಿಟ್ಟು ಎದ್ದು ಹೋಗತೊಡಗಿದಳು. ಮುಂದಿನ ಹುಣ್ಣಿಮೆಗೆ ವಿಹಾರಕ್ಕೆ ಹೋಗಲೇ ಇಲ್ಲ. ಕರೆಯಲು ಬಂದ ಹೆಂಗಸರಿಗೆ, "ಯಾವ ಮುಖ ತಗೊಂಡು ಹೇಳಸ್ಲಿ? ಬ್ಯಾರೆ ಯಾರರ ಹೇಳಸ್ರಿ" ಎಂದು ಕದ ಮುಂದೆ ಮಾಡಿದಳು.

ನಾನು ಬಸ್ ಸ್ಟ್ಯಾಂಡಿನಲ್ಲಿ ಮೈಕ್ ಮುಂದೆ ಕೂತು ಔರಾದದ ಬಸ್ಸು ಬಂತು, ಬೀದರದ ಬಸ್ಸು ಹೊರಟಿತು ಎಂದು ಹೇಳುತ್ತಿದ್ದೆ. ನನ್ನ ಮನಸ್ಸಿನಲ್ಲಿ ಇನ್ನೊಂದು ಹೆದರಿಕೆ ಕೂತಿತ್ತು, ಯಾರಿಗೂ ಹೇಳಿರಲಿಲ್ಲ. ತಲೆಯೊಳಗೆ ಗಡ್ಡೆ ಬೆಳೆದಿದೆ, ನಾನು ಉಳಿಯುವುದಿಲ್ಲ, ಕುಡುಕ ಎನ್ನಿಸಿಕೊಂಡೇ ಸಾಯುತ್ತೇನೆ ಎಂದು. ದಿಂಬಿನ ಮೇಲೆ ದಿಂಬು ಇಟ್ಟು ಅರ್ಧ ಕೂತೇ ಮಲಗುತ್ತಿದ್ದೆ. ಮಗಳು ನನ್ನ ಕೈ ಹಿಡಿದುಕೊಂಡು "ಪಪ್ಪಾ, ನಾ ಹಿಡದೇನಿ, ನೀ ತಿರಗಂಗಿಲ್ಲ" ಎನ್ನುತ್ತಿತ್ತು. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದ್ದರೆ ಆ ಹೆದರಿಕೆಯನ್ನು ಒಬ್ಬರೇ ಇಟ್ಟುಕೊಂಡು ಕೂಡಬೇಡಿ. ನಾನು ಸವಿತಾಗೆ ಹೇಳಿದ ದಿನವೇ ಆಕೆ ತಾನು ಕೆಲಸ ಮಾಡುವ ಅಂಗನವಾಡಿಯಲ್ಲಿ ಅವರನ್ನಿವರನ್ನು ಕೇಳಿ, ಬೀದರಿನಲ್ಲಿ ಒಬ್ಬ ಕಿವಿಯ ಡಾಕ್ಟರಬಾಯಿ ಇದ್ದಾರೆ ಎಂದು ಪತ್ತೆ ಹಚ್ಚಿಕೊಂಡು ಬಂದಳು.

"ಚಕ್ಕರಿಗೂ ಕಿವಿಗೂ ಏನ್ ಸಂಬಂಧ?" ಎಂದೆ.

"ಹೊಟ್ಟಿ, ಕಣ್ಣು, ಕುತ್ಗಿ ಎಲ್ಲಾ ತೋರ್ಸಿ ಆತು. ಉಳ್ದದ್ದು ಕಿವಿನೇ ಅಲ್ರಿ" ಎಂದಳು.

ಹೋಗುವ ದಿನ ಸವಿತಾಗೆ ಮೇಲಿನವರ ತಪಾಸಣೆ ಬಂತು, ರಜೆ ಸಿಗಲಿಲ್ಲ. ನನ್ನೊಬ್ಬನನ್ನೇ ಕಳಿಸುವಂತಿಲ್ಲ. ಅವ್ವ ತಾನೇ ಚಪ್ಪಲಿ ಮೆಟ್ಟಿಕೊಂಡಳು. ಬೀದರಿನ ಬಸ್ಸಿನಲ್ಲಿ ಆಕೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ದವಾಖಾನೆಯ ಬಾಕಿನ ಮೇಲೂ ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟು ಕೂತಳು. ಆ ಜಾಗದಲ್ಲಿ ಒಬ್ಬ ಕಿವುಡ ಅಜ್ಜ ಬಂದು ಕೂತು, ನನ್ನ ಊರು, ಸಂಬಳ, ಮಕ್ಕಳು ಎಲ್ಲ ದೊಡ್ಡ ದನಿಯಲ್ಲಿ ಕೇಳತೊಡಗಿದ. "ಏನಾಗ್ಯದ?" ಎಂದು ಕೂಗಿದ. "ಚಕ್ಕರ್" ಎಂದು ನಾನೂ ಕೂಗಿದೆ. "ಕುಡಿಯೋದು ಬಿಡು, ತಾನೇ ಹೋಗ್ತದ" ಎಂದ. ಬಾಕಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವ್ವ ನೆಲ ನೋಡುತ್ತಿದ್ದಳು.

ಡಾಕ್ಟರಬಾಯಿ ಚಿಕ್ಕ ವಯಸ್ಸಿನವರು, ನಮ್ಮ ಕಡೆಯವರೇ. ಮೇಜಿನ ಮೇಲೆ ಕಿವಿಯ ಒಳಭಾಗದ ಪ್ಲಾಸ್ಟಿಕ್ ಗೊಂಬೆ ಇತ್ತು. ಬಸವನಹುಳುವಿನ ಚಿಪ್ಪಿಗೆ ಮೂರು ಬಳೆ ಅಂಟಿಸಿದಂಥ ಆಕಾರ. ನಾನು ಎಲ್ಲ ಹೇಳುವವರೆಗೆ ಅವರು ಬಾಯಿ ಹಾಕಲಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಯಾವ ಮಗ್ಗಲಿಗಿ ಹೊಳ್ಳಿದ್ರ ಬರ್ತದ್ರಿ?"

"ಬಲಕ್ಕ."

"ಬರ್ರಿ. ಈಗ ನಿಮಗ ಬೇಕಂತೇ ಚಕ್ಕರ್ ತರಸ್ತೀನಿ. ಹೆದರಬ್ಯಾಡ್ರಿ, ಕಣ್ಣು ಮಾತ್ರ ಮುಚ್ಚಬ್ಯಾಡ್ರಿ. ಅಮ್ಮ, ನೀವು ಈ ಕಡಿ ಬಂದು ನಿಮ್ಮ ಮಗನ ಕಣ್ಣು ನೋಡ್ರಿ."

ನನ್ನನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ, ಒಮ್ಮೆಲೇ ಹಿಂದಕ್ಕೆ ಮಲಗಿಸಿದರು. ತಲೆ ಮಂಚದಾಚೆ ಜೋತು ಬಿತ್ತು. ಒಂದು ಉಸಿರಿನಷ್ಟು ಏನೂ ಇಲ್ಲ. ಆಮೇಲೆ ಬಂತು ನೋಡಿ, ಇಡೀ ಬೀದರು ನನ್ನ ಸುತ್ತ ತಿರುಗಿತು. ಚೀರಿದೆ. ಡಾಕ್ಟರಬಾಯಿಯ ಕೈ ನನ್ನ ತಲೆಯನ್ನು ಬಿಡಲಿಲ್ಲ.

"ಕಾಣಸ್ತದೇನಮ್ಮ?" ಎಂದು ಕೇಳಿದರು. "ಕಣ್ಣು ಹ್ಯಾಂಗ ಕುಣೀಲಿಕ್ಕತ್ತಾವ ನೋಡ್ರಿ. ಇದನ್ನ ಯಾರೂ ಬೇಕಂತ ಮಾಡ್ಲಿಕ್ಕೆ ಬರಂಗಿಲ್ಲ. ಕಿವಿ ಒಳಗಿನ ಸಣ್ಣ ಸಣ್ಣ ಹರಳು ಜಾಗಾ ಬಿಟ್ಟು ಈ ಬಳಿಯಾಗ ಬಿದ್ದಾವ. ತಲಿ ಹೊಳ್ಳಿದಾಗೊಮ್ಮೆ ಅವು ಉಳ್ಳಾಡ್ತಾವ, ಇವರಿಗಿ ಭೂಮಿ ತಿರುಗ್ತದ. ಕುಡಿಯೋದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ." ಬಾಕಿನ ಮೇಲಿನ ಅಜ್ಜನ ಮಾತು ಅವರಿಗೂ ಕೇಳಿಸಿತ್ತೆಂದು ಕಾಣುತ್ತದೆ.

ತಿರುಗುವುದು ನಿಂತಾಗ ನನ್ನ ಕಣ್ಣ ಮುಂದೆ ಅವ್ವನ ಮುಖವಿತ್ತು, ತಲೆಕೆಳಗಾಗಿ. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಡಾಕ್ಟರಬಾಯಿ ನನ್ನ ತಲೆಯನ್ನು ಎಡಕ್ಕೆ ತಿರುಗಿಸಿದರು, ಹೊರಳಿಸಿ ಮುಖ ನೆಲಕ್ಕೆ ಮಾಡಿದರು, ಸ್ವಲ್ಪ ಹೊತ್ತು ಹಿಡಿದು ಎಬ್ಬಿಸಿ ಕೂರಿಸಿದರು. ಹರಳನ್ನು ಬಳೆಯಿಂದ ಹೊರಗೆ ಉರುಳಿಸುವ ಉಪಾಯವಂತೆ. ವಾಂತಿಯಾಯಿತು. ಅವ್ವ ಬೋಗುಣಿ ಹಿಡಿದಳು, ಇನ್ನೊಂದು ಕೈಯಿಂದ ನನ್ನ ಹಣೆ ಹಿಡಿದಳು. ಎಷ್ಟೋ ದಿನದ ಮೇಲೆ ಆಕೆಯ ಕೈ ನನಗೆ ತಾಗಿತ್ತು. ಚಾಕು ಇಲ್ಲ, ಸೂಜಿ ಇಲ್ಲ, ಗುಳಿಗೆ ಇಲ್ಲ. ತಲೆಯನ್ನು ನಾಲ್ಕು ಕಡೆ ತಿರುಗಿಸುವುದಷ್ಟೇ ಮದ್ದು ಎಂದು ತಿಳಿದಾಗ, ಇಷ್ಟಕ್ಕೆ ನಾನು ಸಾಯುವ ತಯಾರಿ ಮಾಡಿದ್ದೆನಲ್ಲ ಎಂದು ನಗು ಬಂತು. ಅಳುವೂ ಬಂತು.

ನಾನು ಸುಧಾರಿಸಿಕೊಳ್ಳುವವರೆಗೆ ಡಾಕ್ಟರಬಾಯಿ ಆ ಗೊಂಬೆಯನ್ನು ಅವ್ವನ ಕೈಗೆ ಕೊಟ್ಟರು. "ಖರೇದು ಬಟಾಣಿ ಕಾಳಿನಷ್ಟ ಇರ್ತದಮ್ಮ. ನಾ ಕಲೀವಾಗ ಇದರ ಮ್ಯಾಲೇ ಸಂಶೋಧನಾ ಮಾಡೇನಿ. ದೇಹದಾನ ಮಾಡಿದೋರ ಕಿವಿ ಎಲುಬು ಕೊರದು, ಮೈಕ್ರೋಸ್ಕೋಪಿನ್ಯಾಗ ನೋಡ್ತಿದ್ವಿ. ಮೈಯಾಗಿನ ಎಲ್ಲಾ ಎಲುಬಿನಕಿಂತ ಗಟ್ಟಿ ಅದು. ಅಂಥಾ ಗಟ್ಟಿ ಡಬ್ಬಿ ಒಳಗ ಇಷ್ಟು ನಾಜೂಕ ಸಾಮಾನು ಅದ."

ಅವ್ವ ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಬಾಯಿಯವರ, ಸತ್ತೋರ ಕಿವಿ ತಗದು ನೋಡಿದ್ರ, ಬದುಕಿದ್ದಾಗ ಅವರಿಗಿ ಈ ಚಕ್ಕರ್ ಇತ್ತೋ ಇಲ್ಲೋ ಗೊತ್ತಾಗ್ತದೇನ್ರಿ?"

"ಖಾತ್ರಿ ಹೇಳ್ಲಿಕ್ಕೆ ಬರಂಗಿಲ್ಲಮ್ಮ. ಬದುಕಿದ್ದಾಗ ಹಿಂಗ ಮಲಗ್ಸಿ ಕಣ್ಣು ನೋಡಬೇಕು, ಅಷ್ಟೇ. ಯಾಕ್ರಿ?"

"ಏನಿಲ್ರಿ" ಎಂದು ಅವ್ವ ಗೊಂಬೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

ಮರಳುವಾಗ ಬಸ್ಸಿನಲ್ಲಿ ಅವ್ವ ನನ್ನ ಪಕ್ಕದಲ್ಲೇ ಕೂತಳು. ಊರು ದಾಟಿ ಹೊಲಗಳು ಶುರುವಾದ ಮೇಲೆ ಕಿಟಕಿಯ ಕಡೆ ನೋಡುತ್ತ ಮಾತಾಡಿದಳು.

"ನಿಮ್ಮಪ್ಪ ಕಡೀ ಕಡೀಗಿ ನನ್ನ ಕಡಿ ಮುಖ ಮಾಡಿ ಮಲಗಲೇ ಇಲ್ಲ. ಗೋಡಿ ಕಡಿನೇ ಮಾಡ್ತಿದ್ದ. ನಾ ಅವನ ಬಲಕ್ಕ, ಗೋಡಿ ಎಡಕ್ಕ. ಬಾಯಿ ವಾಸನಿ ಬಡೀಬಾರ್ದಂತ ಹಂಗ ಮಲಗ್ತಾನ ಅಂತ ತಿಳ್ದಿದ್ದೆ. ಒಂದಿನ ಭುಜ ಹಿಡದು ಜಬರ್ದಸ್ತಿ ಈ ಕಡಿ ಹೊಳ್ಳಿಸ್ದೆ. ಚೀರಿದ. ಮಂಚ ಹಿಡ್ಕೊಂಡ. ನಾಟಕ ಮಾಡ್ಬ್ಯಾಡ ಅಂದೆ."

ಆಮೇಲೆ ನನ್ನ ಕಡೆ ತಿರುಗಿದಳು. "ಅವನ ಕಣ್ಣು ಹಿಂಗೇ ಕುಣೀತಿದ್ದು. ನಾ ನೋಡೇನಿ. ಕುಡ್ದ ನಿಶಾ ಅಂತ ತಿಳ್ದೆ."

ಡಾಕ್ಟರಬಾಯಿ ಖಾತ್ರಿ ಹೇಳಲಾಗದ್ದನ್ನು ನಾನು ಹೇಗೆ ಹೇಳಲಿ? ಆಕೆಯ ಕೈ ಹಿಡಿದುಕೊಂಡೆ. ಭಾಲ್ಕಿ ಬರುವವರೆಗೆ ಬಿಡಲಿಲ್ಲ.

ನನ್ನ ಚಕ್ಕರ್ ಒಂದೇ ಏಟಿಗೆ ಹೋಗಲಿಲ್ಲ. ಇನ್ನೊಮ್ಮೆ ಬೀದರಿಗೆ ಹೋಗಿ ತಲೆ ತಿರುಗಿಸಿಕೊಂಡು ಬಂದೆ. ಡಾಕ್ಟರಬಾಯಿ ಬರೆದು ಕೊಟ್ಟ ಮೇಲೆ ಮತ್ತೆ ಬಸ್ಸು ಹತ್ತಿದೆ. ಮುಂದೆಂದಾದರೂ ಮತ್ತೆ ಬರಬಹುದು ಎಂದಿದ್ದಾರೆ, ಬಂದರೆ ಏನು ಮಾಡಬೇಕೆಂದು ಈಗ ಗೊತ್ತು. ಮೊದಲಿನ ಜಂಬ ಇಲ್ಲ, ಒಂದು ಕೈಯಲ್ಲಿ ಕಂಬ ಹಿಡಿದೇ ನಿಲ್ಲುತ್ತೇನೆ. ಟಿಕೆಟ್ ತಡವಾಗುತ್ತದೆ. ಗಂಟು ಮೇಲಿಡಿ ಎಂದವರಿಗೆ "ನೀವೇ ಇಡ್ರಿ ಅಕ್ಕಾರ, ನನ್ನ ಕಿವಿಗಿ ಆಗಿ ಬರಂಗಿಲ್ಲ" ಎಂದರೆ ನಗುತ್ತಾರೆ. ನಗಲಿ ಬಿಡಿ.

ನಾನು ಮತ್ತೆ ಡ್ಯೂಟಿಗೆ ಬಸ್ಸು ಹತ್ತುವ ಹಿಂದಿನ ದಿನ ಹುಣ್ಣಿಮೆಯಾಗಿತ್ತು. ಅವ್ವ ಬಿಳಿ ಸೀರೆ ಉಟ್ಟು ಹೊರಟಳು. ನಾನು, ಸವಿತಾ, ಮಗಳು ಹಿಂದೆ ಹೋದೆವು. ನಾಲ್ಕು ಶೀಲ ಹೇಳಿಸಿದಳು. ಐದನೆಯದಕ್ಕೆ ಎಲ್ಲರೂ ಆಕೆಯ ದನಿ ಏರುವುದನ್ನು ಕಾಯುತ್ತಿದ್ದರು. ಅದು ಏರಲಿಲ್ಲ, ಉಳಿದ ನಾಲ್ಕರಂತೆಯೇ ಸಮಾಧಾನವಾಗಿ ಬಂತು. ಎಲ್ಲರೂ ಏಳಲು ಹೊರಟಾಗ ಕೈ ಎತ್ತಿ ಕೂಡ್ರಿಸಿದಳು.

"ನನ್ನ ಗಂಡ ಮಾತು ಮುರ್ದ ಅಂತ ನಿಮಗೆಲ್ಲಾ ಹೇಳ್ಕೋತ ಬಂದೇನಿ. ಅವ ಕುಡೀಲಿಲ್ಲ. ಅವನಿಗಿ ಜಡ್ಡಿತ್ತು. ಪುರಾವಿ ಕೇಳಿದ್ರ ನನ್ನ ಹತ್ರ ಇಲ್ಲ. ಅವ ಆಣಿ ಇಟ್ಟಿದ್ದ, ಆಗ ನಂಬ್ಲಿಲ್ಲ. ಈಗ ನಂಬೇನಿ."

ಗಂಡಸರ ಸಾಲಿನಲ್ಲಿ, ಅಪ್ಪನ ಜೊತೆ ಕೆಲಸ ಮಾಡಿದ್ದ ಒಬ್ಬ ಮುದುಕ ತಲೆಯ ಪಟಗ ತೆಗೆದು ಕಣ್ಣೊರೆಸಿಕೊಂಡ.

ಮರುದಿನ ಬೆಳಿಗ್ಗೆ ಖಾಕಿ ಹಾಕಿಕೊಂಡು ಹೊರಟಾಗ ಅವ್ವ ಕರೆದಳು. ಟ್ರಂಕಿನ ತಳದಿಂದ ಅಪ್ಪನ ಹಿತ್ತಾಳೆ ಡಬ್ಬಿ ತೆಗೆದಿದ್ದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು, ಹೊಸ ಬಡೇಸೋಪು ತುಂಬಿದ್ದಳು. ಒಂದು ಚಿಟಿಕೆ ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ಮುಚ್ಚಳ ಹಾಕಿ ಡಬ್ಬಿಯನ್ನು ನನ್ನ ಅಂಗಿಯ ಜೇಬಿಗೆ ಇಳಿಸಿದಳು.

"ಹೊಟ್ಟಿ ತೊಳಸಿದ್ರ ಬಾಯಿಗಿ ಹಾಕ್ಕೊ" ಎಂದಳು. "ಯಾರರ ಕೇಳಿದ್ರ, ನಮ್ಮಪ್ಪಂದು ಅಂತ ಹೇಳು."